ಕಟ್ಟಿದವರಿಗೂ, ಕತ್ತರಿ ಹಿಡಿದು ನಿಂತವರಿಗೂ

ಹೋದ ಶನಿವಾರ ಚಿತ್ರದುರ್ಗದ ತರಾಸು ರಂಗಮಂದಿರದಲ್ಲಿ ನನ್ನ ಜಾದೂ ಪ್ರದರ್ಶನ ನಡೆಯಿತು. ಕೊನೆಯ ಎಸ್ಕೇಪ್, ಅಂದರೆ ಕಟ್ಟು ಬಿಡಿಸಿಕೊಂಡು ಹೊರಬರುವ ಆಟ, ಮುಗಿದ ಮೇಲೆ ಎಲ್ಲರಿಗೂ ಹೆಸರು ಹಿಡಿದು ಧನ್ಯವಾದ ಹೇಳಬೇಕೆಂದಿದ್ದೆ. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡ ಅಂತ ಕೆಲವರು ಕೇಳಿಕೊಂಡರು. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಅವರಿಗೆ ತಾವು ಯಾರೆಂದು ಗೊತ್ತಾಗುತ್ತದೆ.

ಹಗಲು ಹೊತ್ತು ನಾನು ಔಷಧಿ ಅಂಗಡಿ ನೋಡಿಕೊಳ್ಳುವವನು. ಜಾದೂ ನನ್ನ ಹೊಟ್ಟೆಪಾಡಲ್ಲ, ಹವ್ಯಾಸ. ಶಾಲೆಯ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗುತ್ತೇನೆ. ಇಸ್ಪೀಟ್ ಎಲೆ, ಕರವಸ್ತ್ರ, ಕತ್ತರಿಸಿದ ಹಗ್ಗ ಕೂಡಿಸುವುದು, ಇವೆಲ್ಲ ಮೊದಲರ್ಧ. ಕೊನೆಗೆ ಎಸ್ಕೇಪ್. ಹಗ್ಗ, ಸರಪಳಿ, ಬೀಗ, ಆಮೇಲೆ ಸ್ಟ್ರೇಟ್‌ಜಾಕೆಟ್. ಇದು ದಪ್ಪ ಕ್ಯಾನ್ವಾಸಿನ ಅಂಗಿ. ತೋಳಿನ ತುದಿ ಹೊಲಿದು ಮುಚ್ಚಿರುತ್ತದೆ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ತಂದು, ಬೆನ್ನ ಹಿಂದೆ ಎಳೆದು ಬೆಲ್ಟ್ ಬಿಗಿಯುತ್ತಾರೆ. ಅದರಿಂದ ಹೊರಬರಬೇಕಾದರೆ ಒಂದು ಹಂತದಲ್ಲಿ ಕೈ ತಲೆಯ ಮೇಲಿಂದ ದಾಟಲೇಬೇಕು. ಇದರಲ್ಲಿ ಗುಟ್ಟೇನೂ ಇಲ್ಲ, ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಕಾಣುತ್ತದೆ.

ನನ್ನ ಬಲಗೈ ತಲೆಯ ಮೇಲೆ ಹೋಗುವುದನ್ನೇ ನಿಲ್ಲಿಸಿತ್ತು. ಮೊದಮೊದಲು ರಾತ್ರಿ ಮಲಗಿದಾಗ ನೋವು. ಆಮೇಲೆ ಅಂಗಿ ಹಾಕಿಕೊಳ್ಳುವುದು ಕಷ್ಟ, ಮೇಲಿನ ರ‍್ಯಾಕಿನಿಂದ ಔಷಧಿ ಇಳಿಸುವುದು ಕಷ್ಟ. ಫ್ರೋಜನ್ ಶೋಲ್ಡರ್ ಎಂದರು ವೈದ್ಯರು. ಭುಜದ ಕೀಲಿನ ಸುತ್ತ ಇರುವ ಪೊರೆ ದಪ್ಪವಾಗಿ, ಬಿಗಿದುಕೊಂಡುಬಿಡುತ್ತದೆ. ನಲವತ್ತರಿಂದ ಅರವತ್ತರೊಳಗಿನವರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಜಾಸ್ತಿ. ನಾನು ಎರಡಕ್ಕೂ ಸೇರಿದವನು. ಇದು ತಾನಾಗಿ ಸಡಿಲವಾಗುತ್ತದೆ, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು ಎಂದರು. ಮೂರು ವರ್ಷ ಎಂಬ ಮಾತು ಕೇಳಿದ ದಿನ ಮನೆಗೆ ಬಂದು ಜಾಕೆಟ್ಟನ್ನು ಟ್ರಂಕಿಗೆ ಹಾಕಿ ಮುಚ್ಚಿದೆ.

ಮೊದಲ ನಮಸ್ಕಾರ ಫಿಸಿಯೋಥೆರಪಿ ಮೇಡಂಗೆ. ಎಲ್ಲರೂ "ಇನ್ನು ಈ ವಯಸ್ಸಿಗೆ ಇದೆಲ್ಲ ಯಾಕೆ" ಎನ್ನುತ್ತಿದ್ದಾಗ ನೀವು ಹಾಗೆ ಅನ್ನಲಿಲ್ಲ. "ಆ ಜಾಕೆಟ್ ತಗೊಂಡು ಬನ್ನಿ, ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ತೋರಿಸಿ" ಎಂದಿರಿ. ಆಮೇಲೆ ನಮ್ಮ ಗುರಿ ಅದೇ ಆಯಿತು. ಬಾಗಿ ನಿಂತು ಕೈ ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳಲ್ಲಿ ಹತ್ತುವುದು, ರಾಟೆಗೆ ಹಗ್ಗ ಹಾಕಿ ಎಳೆಯುವುದು. ಗೋಡೆಯ ಮೇಲೆ ನೀವು ಪೆನ್ಸಿಲಿನಲ್ಲಿ ಹಾಕಿದ ಗೆರೆಗಳು ಒಂದೊಂದಾಗಿ ಮೇಲೇರಿದವು. ನೋವಾದಾಗ ನಿಲ್ಲಿಸಿದಿರಿ, ಸೋಮಾರಿತನ ಬಂದಾಗ ಗದರಿಸಿದಿರಿ. ಎರಡಕ್ಕೂ ನಾನು ಋಣಿ.

ಇನ್ನೊಬ್ಬರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು. ಕೈ ಏಳದ ಆ ದಿನಗಳಲ್ಲಿ ನನಗೆ ಜಾದೂ ಉಳಿಸಿಕೊಟ್ಟವರು ಸುಡುಗಾಡು ಸಿದ್ಧರ ಸಮುದಾಯದ ಒಬ್ಬ ಅಜ್ಜ. ನಮ್ಮ ಸೀಮೆಯವರಿಗೆ ಸಿದ್ಧರ ಕೈಚಳಕ ಹೊಸದೇನಲ್ಲ. ಜೋಳಿಗೆ ಹಾಕಿಕೊಂಡು ಊರೂರು ತಿರುಗುವ ಈ ಅಲೆಮಾರಿಗಳು ಬೀದಿಯಲ್ಲಿ ಕೂತು ಕಲ್ಲು ಮಾಯ ಮಾಡುವುದನ್ನು ನಾವೆಲ್ಲ ಚಿಕ್ಕವರಿದ್ದಾಗ ಬಾಯಿ ಬಿಟ್ಟು ನೋಡಿದ್ದೇವೆ. ಅಜ್ಜ ನಮ್ಮ ಅಂಗಡಿಗೆ ಮಂಡಿನೋವಿನ ಮುಲಾಮಿಗೆ ಬರುತ್ತಿದ್ದರು. ನನ್ನ ಕೈ ನೋಡಿ ಕೇಳಿದರು, ಹೇಳಿದೆ. "ಮೊಣಕೈಯಿಂದ ಕೆಳಗೆ ಚೆನ್ನಾಗೈತಲ್ಲಪ್ಪ, ಅಷ್ಟು ಸಾಕು" ಎಂದು ಅಂಗಡಿ ಕಟ್ಟೆಯ ಮೇಲೆ ಕೂತೇಬಿಟ್ಟರು.

ವೇದಿಕೆಯ ಜಾದೂಗಾರನಿಗೆ ಅನುಕೂಲಗಳು ಬಹಳ. ಹಿಂದೆ ಪರದೆ, ಎದುರಿಗೆ ಮೇಜು, ನೋಡುವವರು ಒಂದೇ ಕಡೆ. ಎಷ್ಟೋ ಆಟಗಳನ್ನು ಪಕ್ಕದಿಂದ ನೋಡಿದರೆ ಕೆಟ್ಟುಹೋಗುತ್ತವೆ. ಸಿದ್ಧರಿಗೆ ಪರದೆ ಇಲ್ಲ, ಮೇಜಿಲ್ಲ, ದೀಪ ಇಲ್ಲ. ನಡು ಮಧ್ಯಾಹ್ನದ ಬಿಸಿಲು. ಸುತ್ತಲೂ ಜನ, ಬೆನ್ನಿಗೆ ಅಂಟಿಕೊಂಡು ನಿಂತ ಮಕ್ಕಳು. ಅಷ್ಟರ ನಡುವೆ ಅಂಗೈಯ ಮೂರು ಕಲ್ಲು ಎರಡಾಗಬೇಕು, ಎರಡು ನಾಲ್ಕಾಗಬೇಕು. ನಾನು ದುಡ್ಡು ಕೊಟ್ಟು ತರಿಸಿದ ಯಾವ ಸಾಮಾನೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅಜ್ಜ ನನಗೆ ಹೇಳಿಕೊಟ್ಟದ್ದರಲ್ಲಿ ಕೈಗಿಂತ ಮಾತೇ ಹೆಚ್ಚು. ಯಾವಾಗ ಮಗುವಿನ ಹೆಸರು ಕೇಳಬೇಕು, ಯಾವಾಗ ಸುಮ್ಮನಾಗಬೇಕು, ಯಾವಾಗ ಕಣ್ಣೆತ್ತಿ ನೋಡಬೇಕು. ನಾವು ಎತ್ತ ನೋಡುತ್ತೇವೋ ಜನ ಅತ್ತ ನೋಡುತ್ತಾರೆ, ಅಲ್ವಾ? ಆ ಒಂದು ಸಂಗತಿಯನ್ನು ಅವರಷ್ಟು ಸಹಜವಾಗಿ ಬಳಸುವವರನ್ನು ನಾನು ದೊಡ್ಡ ವೇದಿಕೆಗಳ ಮೇಲೂ ಕಂಡಿಲ್ಲ. ಈ ಕಲೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಶನಿವಾರ ನನ್ನ ಮೊದಲ ಆಟ ಕಲ್ಲಿನದೇ ಆಗಿತ್ತು. ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಲಿಸಿದ್ದನ್ನು ಎಲ್ಲರ ಮುಂದೆ ಮಾಡಲು ಒಪ್ಪಿಗೆ ಕೊಟ್ಟದ್ದಕ್ಕೆ, ಅಜ್ಜ, ನಿಮ್ಮ ಪಾದಕ್ಕೆ ನಮಸ್ಕಾರ.

ಹಳೆಯ ಜಾಕೆಟ್ಟನ್ನು ಬಿಚ್ಚಿ, ಬಗಲಿಗೆ ಹೊಸ ಬಟ್ಟೆ ಕೊಟ್ಟು ಹೊಲಿದ ಟೈಲರ್ ಅಣ್ಣನಿಗೂ ಧನ್ಯವಾದ. ಕ್ಯಾನ್ವಾಸು ಹೊಲಿದು ಎಷ್ಟು ಸೂಜಿ ಮುರಿದವೋ, ಲೆಕ್ಕಕ್ಕೆ ಹಿಡಿಯಲೇ ಇಲ್ಲ ಅವರು. ನಾನು ಆಟ ನಿಲ್ಲಿಸಿದಾಗ ಕೊಟ್ಟ ಮುಂಗಡ ವಾಪಸು ಕೇಳದೆ "ಗುಣ ಆದ ಮೇಲೆ ಬಂದು ಮಾಡಿ" ಎಂದ ಗಣಪತಿ ಸಮಿತಿಯ ಹುಡುಗರನ್ನು ಮರೆಯುವುದಿಲ್ಲ. ಬರುವ ಚೌತಿಗೆ ಖಂಡಿತ ಬರುತ್ತೇನೆ.

ಇನ್ನು ನನ್ನನ್ನು ಕಟ್ಟಿದವರು. ಪ್ರೇಕ್ಷಕರಿಂದ ಇಬ್ಬರು ಬನ್ನಿ ಎಂದಾಗ ಎದ್ದು ಬಂದವರು ಒಬ್ಬರು ಹಮಾಲರು, ಇನ್ನೊಬ್ಬರು ಎಮ್ಮೆ ಸಾಕುವ ತಾಯಿ. ಇಬ್ಬರಿಗೂ ಗಂಟು ಹಾಕುವುದು ದಿನದ ಕೆಲಸ. ನೀವು ಒಂದಿಷ್ಟೂ ದಾಕ್ಷಿಣ್ಯ ತೋರಿಸಲಿಲ್ಲ. ಸುಮ್ನೆ ಕಟ್ಟಿದಂತೆ ಮಾಡಿ ಕೂತುಬಿಡುವವರು ಇರುತ್ತಾರೆ, ಪಾಪ, ನನಗೆ ನೋವಾದೀತೆಂಬ ಒಳ್ಳೆಯ ಮನಸ್ಸಿನಿಂದಲೇ. ಆದರೆ ಸಡಿಲ ಗಂಟಿನಿಂದ ಹೊರಬಂದರೆ ಆಟಕ್ಕೆ ಅರ್ಥವಿಲ್ಲ. ಆ ತಾಯಿ ಹಗ್ಗದ ತುದಿಯನ್ನು ಎರಡನೇ ಸಲ ಜಗ್ಗಿದಾಗ ಸಭೆಯಲ್ಲಿ ಎದ್ದ ಗುಜುಗುಜು ನನಗೆ ಕೇಳಿಸಿತು. ಮುಂದೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ಅವರದು.

ಅಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆಲ್ಲ ಏನು ಹೇಳಲಿ? 1904ರ ಮಾರ್ಚ್ 17ರಂದು ಲಂಡನ್ನಿನ ಹಿಪ್ಪೊಡ್ರೋಮ್ ರಂಗಮಂದಿರದಲ್ಲಿ, ಎಸ್ಕೇಪ್ ಆಟಗಳಿಗೆ ಹೆಸರಾದ ಜಾದೂಗಾರ ಹ್ಯಾರಿ ಹೂಡಿನಿ ಒಂದು ಪತ್ರಿಕೆ ಒಡ್ಡಿದ ಸವಾಲಿನ ಕೈಕೋಳ ತೊಟ್ಟುಕೊಂಡ. ಸುಮಾರು 4,000 ಜನ ಸೇರಿದ್ದರು. ಒಂದು ಗಂಟೆಗೂ ಮೀರಿ ಅವರು ನೋಡಿದ್ದು ಹೆಚ್ಚಾಗಿ ಒಂದು ಮುಚ್ಚಿದ ಪರದೆಯನ್ನು. ನಡುವೆ ಅವನು ಹೊರಬಂದು, ಕೋಟು ಬಿಚ್ಚಲು ಕೋಳ ತೆಗೆಯಿರಿ ಎಂದು ಕೇಳಿದ. ಪತ್ರಿಕೆಯವರು ಒಪ್ಪಲಿಲ್ಲ. ಚಾಕುವನ್ನು ಹಲ್ಲಲ್ಲಿ ಕಚ್ಚಿ ಕೋಟನ್ನೇ ಸೀಳಿ ಹಾಕಿದ. ಹೂಡಿನಿಯ ಧೈರ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಆ 4,000 ಜನರ ಮೇಲೆ ಪ್ರೀತಿ. ಎದ್ದು ಹೋಗಲಿಲ್ಲವಲ್ಲ ಅವರು.

ಸ್ಟ್ರೇಟ್‌ಜಾಕೆಟ್ಟನ್ನು ಹೂಡಿನಿ ಮೊದಲು ಪರದೆಯ ಹಿಂದೆಯೇ ಬಿಚ್ಚುತ್ತಿದ್ದ. ಅದನ್ನು ಎಲ್ಲರೆದುರು ಮಾಡಿದರೆ ಜನ ಹುಚ್ಚೆದ್ದು ನೋಡುತ್ತಾರೆ ಎಂದು ಕಂಡುಕೊಂಡದ್ದು ಅವನ ತಮ್ಮ ಹಾರ್ಡೀನ್. ಜನಕ್ಕೆ ಬೇಕಾದದ್ದು ಒದ್ದಾಟ ನೋಡುವುದು. ನಾನೂ ಪರದೆ ಹಾಕುವುದಿಲ್ಲ. ಶನಿವಾರ ಭುಜ ಅರ್ಧದಲ್ಲಿ ತಡೆದಾಗ ಅದೂ ನಿಮಗೆ ಕಂಡಿತು. ಮೂರನೇ ಸಾಲಿನ ಅಜ್ಜಿಯೊಬ್ಬರು "ಸಾಕು ಬಿಡ್ರೋ, ಬಿಚ್ರೋ ಅವನ್ನ" ಎಂದು ಕೂಗಿದರು. 1956ರ ಏಪ್ರಿಲ್‌ನಲ್ಲಿ ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯಲ್ಲಿ ಹುಡುಗಿಯನ್ನು ಗರಗಸದಿಂದ ಕೊಯ್ಯುವ ಆಟ ತೋರಿಸಿದಾಗ, ಅವಳು ಎದ್ದು ಕೂರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು. ಹುಡುಗಿಗೆ ಏನಾಯಿತೋ ಎಂದು ಗಾಬರಿಯಾಗಿ ಜನ ಫೋನಿನ ಮೇಲೆ ಫೋನು ಮಾಡಿದರು. ಆಟ ಎಂದು ಗೊತ್ತಿದ್ದರೂ, ಪರಿಚಯವೇ ಇಲ್ಲದವರಿಗಾಗಿ ಮನಸ್ಸು ಮಿಡಿಯುತ್ತದೆ. ಅಜ್ಜಿ, ನೀವು ಕೂಗಿದ್ದು ಕೇಳಿ ನನಗೆ ಬಲ ಬಂತು. ನಿಜವಾಗಿಯೂ ಬಂತು.

ವೇದಿಕೆಯ ಎಡಗಡೆ, ಪರದೆಯ ಅಂಚಿನಲ್ಲಿ, ನಿಮಗೆ ಕಾಣದಂತೆ ನನ್ನ ಹೆಂಡತಿ ನಿಂತಿದ್ದಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಸೊಂಟದಲ್ಲಿ ಎಲ್ಲ ಬೀಗಗಳ ಎರಡನೇ ಕೀಲಿ. ಪ್ರತಿ ಪ್ರದರ್ಶನದಲ್ಲೂ ಹಾಗೇ ನಿಲ್ಲುತ್ತಾಳೆ. ನಾನು ಒಂದು ಮಾತು ಹೇಳಿದರೆ, ಅಥವಾ ಗೊತ್ತುಮಾಡಿಕೊಂಡ ಹೊತ್ತು ಮೀರಿದರೆ, ಅವಳು ಒಳಗೆ ಬಂದು ಕತ್ತರಿಸುತ್ತಾಳೆ. ಆಗ ನನ್ನ ಒಪ್ಪಿಗೆ ಕೇಳುವುದಿಲ್ಲ. ನೀರಿನ ಎಸ್ಕೇಪ್ ನಮ್ಮಲ್ಲಿ ಇಲ್ಲವೇ ಇಲ್ಲ. 2019ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಚಂಚಲ್ ಲಾಹಿರಿ ಎಂಬ ಜಾದೂಗಾರರು ಕೈಕಾಲು ಕಟ್ಟಿಸಿಕೊಂಡು ಹೂಗ್ಲಿ ನದಿಗೆ ಇಳಿದರು, ಮೇಲೆ ಬರಲಿಲ್ಲ. ಆ ಸುದ್ದಿ ಓದಿದ ರಾತ್ರಿ ಅವಳು ನನ್ನಿಂದ ಮಾತು ತೆಗೆದುಕೊಂಡಳು. ಕಲಿಯುವ ಹುಡುಗರಿಗೆ ನಾನು ಹೇಳುವುದೂ ಅದೇ. ಕತ್ತರಿ ಹಿಡಿದು ನಿಲ್ಲುವವರು ಇಲ್ಲದಿದ್ದರೆ ಹಗ್ಗ ಮುಟ್ಟಬೇಡಿ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ಆ ಕತ್ತರಿ ಬಳಸಬೇಕಾಗಿ ಬಂದಿಲ್ಲ. ಹಾಗಾಗಿ ಅವಳಿಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ಶನಿವಾರ ಎಲ್ಲ ಮುಗಿದು ಪರದೆ ಬಿದ್ದಾಗ ಅವಳ ಬೆರಳಲ್ಲಿ ಕತ್ತರಿಯ ಹಿಡಿ ಒತ್ತಿದ ಗುರುತು ಇತ್ತು. ಅಷ್ಟು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ನಾನು ಮೈಕಿನಲ್ಲಿ ಹೇಳಲು ಹೊರಟು ಹೇಳಲಾಗದೆ ಹೋದದ್ದು ಇದನ್ನೇ. ಭುಜ ಹಿಡಿದಾಗ ದಿನಾ ರಾತ್ರಿ ಎಣ್ಣೆ ತಿಕ್ಕಿ, ಅಂಗಿ ತೊಡಿಸಿ, ಟ್ರಂಕು ಮತ್ತೆ ತೆಗೆಸಿದವಳೂ ಅವಳೇ.

ಒಂದು ಮಾತು ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಪ್ರದರ್ಶನ ಆದ ಮೇಲೆ ಒಂದು ದಂಪತಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದು, ಏನಾದರೂ ಮಾಡಿಕೊಡಿ ಎಂದು ಕೈ ಮುಗಿದರು. ನಾನು ಶುರುವಿನಲ್ಲೇ ಇದು ಕೈಚಳಕ, ಅಭ್ಯಾಸ, ಬೇರೆ ಯಾವ ಶಕ್ತಿಯೂ ಇಲ್ಲ ಎಂದು ಹೇಳಿಯೇ ಆಟ ಆರಂಭಿಸುತ್ತೇನೆ. ಆದರೂ ಕಷ್ಟದಲ್ಲಿರುವವರಿಗೆ ಆ ಮಾತು ಕಿವಿಗೆ ಬಿದ್ದಿರುವುದಿಲ್ಲ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಪ್ರಶ್ನಿಸಬೇಕು ಎಂಬುದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಕಲಿಸಿದ್ದು ಅವರ ಉದಾಹರಣೆ ಕೊಟ್ಟೇ. ಆ ದಂಪತಿಗೆ ಅಂಗೈಯ ಕಲ್ಲು ಎಲ್ಲಿ ಅಡಗುತ್ತದೆ ಎಂದು ತೋರಿಸಿಬಿಟ್ಟೆ. ಜಾದೂಗಾರ ಗುಟ್ಟು ಬಿಡಬಾರದು, ಆದರೆ ಅಲ್ಲಿ ಬಿಡಲೇಬೇಕಿತ್ತು. ಆಮೇಲೆ ಸಭೆಯಲ್ಲೇ ಇದ್ದ ಮಕ್ಕಳ ವೈದ್ಯರೊಬ್ಬರು ಅಲ್ಲಿಯೇ ಮಗುವನ್ನು ನೋಡಿ, ಸೋಮವಾರ ಬರಲು ಹೇಳಿದರು. ಅವರು ಹೋಗಿದ್ದಾರೆ, ಚಿಕಿತ್ಸೆ ಶುರುವಾಗಿದೆ. ಡಾಕ್ಟರೇ, ಅವತ್ತಿನ ಸಂಜೆ ನಡೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನೀವು ಮಾಡಿದ ಕೆಲಸ.

ಜಾದೂ ಕಲಿಯಬೇಕು ಎಂದು ಬಂದು ಕೇಳಿದ ಇಬ್ಬರು ಹೈಸ್ಕೂಲು ಹುಡುಗಿಯರು ಭಾನುವಾರ ಬೆಳಿಗ್ಗೆ ಅಂಗಡಿಯ ಮೇಲಿನ ಕೋಣೆಗೆ ಬರಲಿ, ಅಪ್ಪ ಅಮ್ಮನನ್ನೂ ಕರೆದುಕೊಂಡು. ಮೊದಲು ಕಲ್ಲು, ಆಮೇಲೆ ಇಸ್ಪೀಟ್, ಹಗ್ಗ ಸದ್ಯಕ್ಕಿಲ್ಲ. ಅಜ್ಜನೂ ಆಗಾಗ ಬರುತ್ತೇನೆ ಎಂದಿದ್ದಾರೆ. ಮುಂದಿನ ಪ್ರದರ್ಶನಕ್ಕೆ ನಿಮ್ಮ ಮನೆಯ ಬೀಗ ತಂದು ನನಗೆ ಹಾಕಬಹುದು ಎಂದು ಸವಾಲು ಕೊಟ್ಟಿದ್ದೆನಲ್ಲ, ಅದು ಹಾಗೇ ಇದೆ. ಯಾವ ಬೀಗವಾದರೂ ಸರಿ. ಆದರೆ ಎರಡೂ ಕೀಲಿ ತನ್ನಿ. ಒಂದು ನಿಮ್ಮ ಹತ್ತಿರವೇ ಇರಲಿ, ಇನ್ನೊಂದನ್ನು ಆಟ ಶುರುವಾಗುವ ಮೊದಲು ನನ್ನ ಹೆಂಡತಿಯ ಕೈಗೆ ಕೊಡಿ.