ಇಂಗ್ಲಿಷ್ ಸ್ಪೆಲ್ಲಿಂಗ್‌ಗೂ ಕಾರಣವಿದೆ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ತಲೆಬುಡವಿಲ್ಲ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಸುಮಾರು 1400ರಿಂದ 1700ರ ನಡುವೆ ಇಂಗ್ಲೆಂಡಿನಲ್ಲಿ ದೀರ್ಘ ಸ್ವರಗಳ ಉಚ್ಚಾರಣೆಯೇ ಬದಲಾಯಿತು: ‘ನಾಮ’ ಎಂಬಂತಿದ್ದದ್ದು ‘ನೇಮ್’ ಆಯಿತು, ‘ಟೀಮ’ ‘ಟೈಮ್’ ಆಯಿತು, ‘ಹೂಸ್’ ‘ಹೌಸ್’ ಆಯಿತು. ಆದರೆ 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ಮೇಲೆ ಬರಹದ ರೂಪ ನಿಧಾನವಾಗಿ ಗಟ್ಟಿಯಾಗತೊಡಗಿತ್ತು. ಮಾತು ಮುಂದೆ ಹೋಯಿತು, ಅಕ್ಷರ ಹಿಂದೆಯೇ ಉಳಿಯಿತು. ‘ನೈಫ್’ (knife) ಪದದ ಮೊದಲ ‘ಕೆ’ಯನ್ನು ಆಗ ನಿಜಕ್ಕೂ ಉಚ್ಚರಿಸುತ್ತಿದ್ದರು. ಸಾಲ ಎಂಬರ್ಥದ ‘ಡೆಟ್’ (debt) ಪದದಲ್ಲಿರುವ ‘ಬಿ’ಯ ಕಥೆ ಬೇರೆ, ಅದು ಲ್ಯಾಟಿನ್ ಮೂಲ ತೋರಿಸಲು ಪಂಡಿತರು ತುರುಕಿದ್ದು. ಪದಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ಶಿಕ್ಷಕರು ಹತ್ತು ನಿಮಿಷ ಇದನ್ನು ವಿವರಿಸಲಿ, ಹಳೆಯ ಉಚ್ಚಾರಣೆಯನ್ನು ಕರಿಹಲಗೆಯ ಮೇಲೆ ಕನ್ನಡದಲ್ಲೇ ಬರೆದು ತೋರಿಸಲಿ.

– ಇಂಗ್ಲಿಷ್ ಶಿಕ್ಷಕರು, ಧಾರವಾಡ