ಟೈಪಿಂಗ್ ದರ ಇಳಿದಿದೆ, ತಿದ್ದುವ ದರ ಬೇರೆಯಾಗಿದೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಡಿಟಿಪಿ ಕೇಂದ್ರದಲ್ಲಿ ಟೈಪಿಂಗ್‌ಗೆ ಪುಟಕ್ಕೆ 10 ರೂಪಾಯಿ, ಕರಡು ತಿದ್ದುವುದಕ್ಕೆ 20 ರೂಪಾಯಿ. ಇಷ್ಟು ದಿನ ಎರಡೂ ಸೇರಿ 25 ಇತ್ತು. ಐದು ರೂಪಾಯಿ ಹೆಚ್ಚು ಬೀಳುತ್ತದೆ, ಕ್ಷಮಿಸಿ. ಆದರೆ ಕಾರಣವನ್ನು ನಮ್ಮ ಬಾಯಿಂದಲೇ ಕೇಳಿ.

"ಮೊಬೈಲ್‌ನಾಗ ಎಐ ಪುಕ್ಕಟೆ ಮಾಡಿಕೊಡ್ತೈತಿ, ನಿಮಗ್ಯಾಕ ಇಷ್ಟು ರೊಕ್ಕ?" ಎನ್ನುತ್ತೀರಿ ನೀವು. 2025ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಎಂಬ ಎಐನ 'ಗೋ' ಯೋಜನೆ ಒಂದು ವರ್ಷ ಉಚಿತ ಎಂದಾದ ಮೇಲಂತೂ ಈ ಮಾತು ಕೇಳದ ದಿನವಿಲ್ಲ. ಹೌದು, ನಾವೂ ಎಐ ಬಳಸುತ್ತೇವೆ, ಮುಚ್ಚಿಟ್ಟಿಲ್ಲ. ಅದರಿಂದ ಉಳಿದ ಹೊತ್ತಿನ ಲಾಭವನ್ನೇ ಟೈಪಿಂಗ್ ದರದಲ್ಲಿ ನಿಮಗೆ ಬಿಟ್ಟಿದ್ದೇವೆ. ತಿದ್ದುವ ಕೆಲಸ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ.

ಕೋರ್ಟಿಗೆ ಟೈಪ್ ಮಾಡಿದ ಪ್ರತಿ ಬೇಕೆಂದು ನೀವು ತರುವ ಹಳೆ ಖರೀದಿ ಪತ್ರಗಳನ್ನೇ ನೋಡಿ. ಕೈಬರಹ, ಮಾಸಿದ ಮಸಿ, ಮಡಿಕೆ ಬಿದ್ದಲ್ಲಿ ಅಕ್ಷರವೇ ಇಲ್ಲ. ಮೊನ್ನೆ ಅಂಥದ್ದೊಂದರಲ್ಲಿ ಸರ್ವೆ ನಂಬರಿನ ಕೊನೆಯ ೬ ಅನ್ನು ಎಐ ೯ ಎಂದು ಓದಿತ್ತು. ಚಕ್ಕುಬಂದಿಯಲ್ಲಿ (ಹೊಲದ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ) ಅಳಿಸಿಹೋದ ಹೆಸರಿನ ಜಾಗಕ್ಕೆ ತಾನೇ ಒಂದು ಹೆಸರು ಕೂಡಿಸಿತ್ತು. ಓದಿದರೆ ಎಲ್ಲೂ ತೊಡಕಿಲ್ಲ. ಕೈತಪ್ಪಿ ಆದ ಟೈಪಿಂಗ್ ದೋಷ ಕಣ್ಣಿಗೆ ಹೊಡೆಯುತ್ತದೆ. ಎಐ ಮಾಡಿದ ಈ ತಪ್ಪು ಸರಿಯಾದದ್ದರ ಹಾಗೇ ಕಾಣುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲು ಹೋಲಿಸಿದ್ದಕ್ಕೇ ಅದು ಸಿಕ್ಕಿದ್ದು. ಸಿಗದಿದ್ದರೆ ಬೇರೆಯವರ ಹೊಲದ ನಂಬರು ಹಿಡಿದು ಕೋರ್ಟಿಗೆ ಅಲೆಯಬೇಕಾದವರು ನೀವು. ನಿಮ್ಮ 20 ರೂಪಾಯಿ ಈ ಕೆಲಸಕ್ಕೆ.

ಇನ್ನು ಖರ್ಚು. ಜಿಎಸ್‌ಟಿ ಇಳಿದರೂ ದರ ಇಳಿಸಲಿಲ್ಲ ಎಂದು ಬಹಳ ಜನ ನಮ್ಮ ಮೇಲೆ ಸಿಟ್ಟಾದಿರಿ. 2025ರ ಸೆಪ್ಟೆಂಬರ್ 22ರಿಂದ ಶಾಲೆ ಮಕ್ಕಳ ನೋಟ್‌ಬುಕ್‌ಗೆ ತೆರಿಗೆ ಇಲ್ಲವಾಯಿತು, ನಿಜ. ನಾವು ಬಳಸುವ ಎ4 ಕಾಗದಕ್ಕೆ ಅದೇ ದಿನ ಶೇ 12ರಿಂದ 18ಕ್ಕೆ ಏರಿತು. ಪ್ರಿಂಟರಿನ ಟೋನರ್, ಅಂಗಡಿ ಬಾಡಿಗೆ ಯಾವುದೂ ಎಐ ಬಂತೆಂದು ಇಳಿದಿಲ್ಲ.

ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವ ನಮ್ಮ ಅಕ್ಕಂದಿರಿಗೆ ಇಷ್ಟು ದಿನ ಪುಟದ ಲೆಕ್ಕದಲ್ಲಿ ಕೂಲಿ ಇತ್ತು. ಅದನ್ನೇ ಮುಂದುವರಿಸಿದ್ದರೆ ಅವರ ದುಡಿಮೆ ಅರ್ಧವೂ ಉಳಿಯುತ್ತಿರಲಿಲ್ಲ. ಈಗ ಅವರೇ ಕರಡು ತಿದ್ದುತ್ತಾರೆ, ಗಂಟೆ ಲೆಕ್ಕದಲ್ಲಿ ಕೊಡುತ್ತೇವೆ. ಯಾರನ್ನೂ ಕೆಲಸದಿಂದ ಬಿಡಿಸಿಲ್ಲ, ಬಿಡಿಸುವುದೂ ಇಲ್ಲ. ಹಳೆ ಮೋಡಿ ಲಿಪಿಯ ಅಕ್ಷರದಂತೆ ಸುತ್ತಿಕೊಂಡ ಕೈಬರಹವನ್ನೂ ಅವರು ಬಿಡಿಸಿ ಓದಬಲ್ಲರು, ಅದು ನಮ್ಮ ಹೆಮ್ಮೆ.

ಮನೆಯಲ್ಲೇ ಎಐನಿಂದ ಮಾಡಿಸಿ ತಂದರೆ ಬೇಡ ಅನ್ನುವುದಿಲ್ಲ. ತಿದ್ದುವ ದರವಷ್ಟೇ ಕೊಡಿ, ಮೂಲ ಪ್ರತಿ ಜೊತೆಗಿರಲಿ. ನುಡಿ ಫಾಂಟಿನ ಹಳೆ ಫೈಲುಗಳನ್ನು ಎಲ್ಲ ಕಂಪ್ಯೂಟರು, ಮೊಬೈಲಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ಬದಲಿಸಲು ಮೊದಲಿನ ದರವೇ. ಪಿಎಚ್‌ಡಿ ಪ್ರಬಂಧ ಅರ್ಧಕ್ಕೆ ಬಂದಿರುವವರು ಗಾಬರಿಯಾಗಬೇಡಿ, ಮುಗಿಯುವವರೆಗೂ ನಿಮಗೆ ಹಳೆ ದರದಲ್ಲೇ ಮಾಡಿಕೊಡುತ್ತೇವೆ.

ಇಂತಿ ನಿಮ್ಮ,
ಡಿಟಿಪಿ ಕೇಂದ್ರದ ಬಳಗ, ಧಾರವಾಡ