ಅಪ್ಪನಿಗೆ, ಆಲಿವ್ ತೋಟಗಳ ಊರಿನಿಂದ

ಲೆಚ್ಚೆ, ಇಟಲಿ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಬರುವಾಗ ಒಂದು ಆಲಿವ್ ಕಡ್ಡಿ ತಾ, ಜಯನಗರದ ಮನೆ ಮಹಡಿ ಮೇಲೆ ನೆಡೋಣ ಅಂದಿದ್ದಿರಿ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಪತ್ರ.

ಇಲ್ಲಿನ ತೋಟ ನೋಡಿದರೆ ಕರುಳು ಚುರ್ ಅನ್ನುತ್ತದೆ. ನೂರಾರು ವರ್ಷದ ಮರಗಳು ಸಾಲಾಗಿ ಒಣಗಿ ನಿಂತಿವೆ. 2013ರಲ್ಲಿ ಇಲ್ಲೇ ಗಲ್ಲಿಪೊಲಿ ಎಂಬ ಊರಿನ ಹತ್ತಿರ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ರಸ ಹೀರುವ ಒಂದು ಪುಟ್ಟ ಕೀಟ ಅದನ್ನು ಹರಡುತ್ತದೆ. ನೀರು ಮೇಲೇರುವ ನಾಳಗಳೇ ಕಟ್ಟಿಕೊಳ್ಳುತ್ತವೆ. ಬುಡದಲ್ಲಿ ನೀರಿದ್ದರೂ ಎಲೆಗೆ ಸಿಗುವುದಿಲ್ಲ.

ಹಾಗಂತ ಆಲಿವ್ ಸುಮ್ನೆ ಸಾಯುವ ಮರವಲ್ಲ. ಹಸಿ ಕಾಯಿ ಕಚ್ಚಿ ನೋಡಿದೆ, ಹಾಗಲಕಾಯಿ ಏನೇನೂ ಅಲ್ಲ! ಆ ಕಹಿ ಒಲಿಯುರೋಪಿನ್ ಎಂಬ ವಸ್ತುವಿನದು. ಎಲೆಯ ಜೀವಕೋಶದಲ್ಲಿ ಅದು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹುಳ ಎಲೆ ಅಗಿದ ಕೂಡಲೇ ಎರಡೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತು ಎಲೆಯ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸಿಬಿಡುತ್ತದೆ. ತಿಂದರೂ ಹುಳಕ್ಕೆ ದಕ್ಕುವುದಿಲ್ಲ. ಎಷ್ಟು ಚೆಂದದ ಏರ್ಪಾಡು ಅಲ್ವಾ?

ಆದರೆ ಕ್ಸೈಲೆಲ್ಲಾ ಎಲೆ ಅಗಿಯುವುದಿಲ್ಲ. ಕೀಟದ ಸೂಜಿಬಾಯಿಂದ ನೇರ ನಾಳಕ್ಕೇ ಇಳಿಯುತ್ತದೆ. ಇಲ್ಲಿನ ಹಳೆಯ ತಳಿಗಳಾದ ಒಲಿಯರೋಲಾ, ಚೆಲ್ಲಿನಾ ತಡೆಯಲಾರದೆ ಹೋದವು. ಲೆಚ್ಚಿನೊ ತಳಿಗೂ ಸೋಂಕು ತಗಲುತ್ತದೆ, ಆದರೆ ಅದರೊಳಗೆ ಬ್ಯಾಕ್ಟೀರಿಯಾ ಜಾಸ್ತಿ ಬೆಳೆಯುವುದಿಲ್ಲ. ಹೀಗೆ ತಡೆಯುವುದರಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್, ಒಲಿಯುರೋಪಿನ್ ಜಾತಿಯ ಫೀನಾಲ್ ವಸ್ತುಗಳ ಪಾತ್ರವೇನು ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಹಳೆ ಬುಡಕ್ಕೆ ಲೆಚ್ಚಿನೊ ಕಸಿ ಕಟ್ಟಿದ್ದನ್ನು ನೋಡಿದೆ. ಬೂದು ತೊಗಟೆಯ ಸೀಳಿನಿಂದ ಬೆರಳುದ್ದದ ಕಡ್ಡಿ, ತುದಿಯಲ್ಲಿ ನಾಲ್ಕು ಎಳೆ ಎಲೆ. ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಅಪ್ಪ, ಈ ರೋಗ ಇಲ್ಲಿಗೆ ಬಂದದ್ದು ಕೋಸ್ಟರಿಕಾದ ಅಲಂಕಾರದ ಕಾಫಿ ಗಿಡದ ಜೊತೆ ಇರಬೇಕು ಅನ್ನುತ್ತಾರೆ. ಹೌದು, ಕಾಫಿಗೂ ಇದು ತಗಲುತ್ತದೆ. ಚಿಕ್ಕಮಗಳೂರಿನಲ್ಲಿ ಚಿಕ್ಕಪ್ಪನ ತೋಟ ಇದೆಯಲ್ಲ, ಯೋಚಿಸಿ. ಕಡ್ಡಿ ಮಾತ್ರ ನಾನು ತರುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಹೇಗೂ ಚಳಿ ಸಾಲದೆ ಬೆಂಗಳೂರಿನಲ್ಲಿ ಆಲಿವ್ ಹೂ ಬಿಡುವುದೇ ಕಷ್ಟ.

ಎಣ್ಣೆ ತರುತ್ತೇನೆ. ಹೊಸ ಎಣ್ಣೆ ಗಂಟಲಿಗೆ ಖಾರ ಹತ್ತುತ್ತದೆ. ಅದೂ ಮರದ ಇಂಥದ್ದೇ ಒಂದು ವಸ್ತುವಿನಿಂದ. ಕೆಟ್ಟಿದೆ ಅಂತ ಚೆಲ್ಲಬಾರದೆಂದು ಅಮ್ಮನಿಗೆ ಈಗಲೇ ಹೇಳಿಡಿ.

ನಿಮ್ಮ ಮಗಳು